ಬೀಳದೆ ಹೋದ ಕಟ್ಟಡ

ಆ ವರ್ಷ ಬಡಗಿ ಶಹಾತನಿಗೆ ಕೈತುಂಬ ಕೆಲಸ. ಬಾಕೂಸ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಾಜಿ ಮಿತ್ವಲ್ಲಿಯ ಕಟ್ಟಡವೊಂದೇ ಅವನ ಸಂಸಾರವನ್ನು ಸಾಕುತ್ತಿತ್ತು ಎಂದರೂ ತಪ್ಪಿಲ್ಲ. ಇವತ್ತು ಎರಡನೇ ಮಹಡಿಯ ಮಲಗುವ ಕೋಣೆಯ ಬಾಗಿಲು ಮುಚ್ಚುತ್ತಿಲ್ಲ, ನಾಳೆ ನಾಲ್ಕನೆಯ ಮಹಡಿಯ ಕಿಟಕಿ ಚೌಕಟ್ಟಿಗೆ ಕಚ್ಚಿಕೊಂಡು ತೆರೆಯುತ್ತಿಲ್ಲ. ಶಹಾತ ಬಂದು, ಬಾಗಿಲನ್ನು ತಿರುಗಣೆಯಿಂದ ಬಿಚ್ಚಿ ಮಲಗಿಸಿ, ಅಂಚಿಗೆ ಕೀಸುಳಿ ಆಡಿಸಿ, ಮತ್ತೆ ಕೂರಿಸಿ, “ಸಮುದ್ರದ ತೇವ. ಮರ ಉಬ್ಬಿದೆ, ಅಷ್ಟೇ” ಎಂದು ಹೇಳಿ ಹೋಗುತ್ತಿದ್ದ. ಅಲೆಕ್ಸಾಂಡ್ರಿಯಾದಲ್ಲಿ ತೇವಕ್ಕೇನು ಬರವೇ? ಎಲ್ಲರೂ ತಲೆಯಾಡಿಸುತ್ತಿದ್ದರು. ಆದರೆ ಆ ವರ್ಷ ಬೇಸಿಗೆಯಲ್ಲೂ ಮರ ಉಬ್ಬುತ್ತಲೇ ಇತ್ತು. ಅದರ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಲಿಲ್ಲ.

ಶಹಾತ ಕೆತ್ತಿ ಬಿಟ್ಟುಹೋದ ಮರದ ಹೆರೆಯನ್ನೆಲ್ಲ ಮೆಟ್ಟಿಲಿಂದ ಮೆಟ್ಟಿಲಿಗೆ ಗುಡಿಸಿಕೊಂಡು ಕೆಳಗೆ ತರುತ್ತಿದ್ದವಳು ತಫೀದಾ. ದಕ್ಷಿಣದ ಸೋಹಾಗ್ ಕಡೆಯ ಹಳ್ಳಿಯಿಂದ ಮದುಮಗಳಾಗಿ ಬಂದು ಈ ಕಟ್ಟಡದೊಳಗೆ ಹೊಕ್ಕವಳು. ಗಂಡ ಅಬ್ದುಲ್ ಮೌಜೂದ್ ಇಲ್ಲಿಯ ಕಾವಲುಗಾರ. ಮೆಟ್ಟಿಲ ಕೆಳಗಿನ ಕೋಣೆ ಅವರ ಮನೆ. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು. ಹಾಸಿಗೆಯ ಕಡೆ ಹೋಗುತ್ತ ಹೋಗುತ್ತ ಸೂರು ಮೆಟ್ಟಿಲಿನೊಂದಿಗೆ ಇಳಿಯುತ್ತ ಬಂದು, ಕೊನೆಗೆ ಬಗ್ಗಿಕೊಂಡೇ ಮಲಗಬೇಕು. ಮಕ್ಕಳಾಗಲಿಲ್ಲ. ಅಬ್ದುಲ್ ಮೌಜೂದ್ ಪಿತ್ತಕೋಶದ ಕಾಯಿಲೆಯಲ್ಲಿ ಹಳದಿಯಾಗಿ, ಬತ್ತಿ, ತೀರಿಕೊಂಡಾಗ ಹಾಜಿ ಮಿತ್ವಲ್ಲಿ, “ಇರು. ಎಲ್ಲಿಗೆ ಅಂತ ಹೋಗ್ತೀಯ?” ಎಂದ. ಅವಳು ಇದ್ದಳು. ಗಂಡನ ಕೆಲಸ ಅವಳ ತಲೆಗೆ ಬಂತು.

ಬೆಳಿಗ್ಗೆ ಬಾಲ್ಕನಿಗಳಿಂದ ಹಗ್ಗ ಕಟ್ಟಿದ ಬುಟ್ಟಿಗಳು ಇಳಿಯುತ್ತಿದ್ದವು. “ತಫೀದಾ, ರೊಟ್ಟಿ!” “ತಫೀದಾ, ಬೇಯಿಸಿದ ಅವರೆ ತಾ, ಎಣ್ಣೆ ಜಾಸ್ತಿ ಹಾಕಿಸು!” “ತಫೀದಾ, ಆ ಗ್ಯಾಸಿನವನು ಹೋಗ್ಬಿಡ್ತಾನೆ, ಹಿಡ್ಕೋ!” ಅವಳು ಓಡುತ್ತಿದ್ದಳು, ತುಂಬುತ್ತಿದ್ದಳು, ಹಗ್ಗ ಜಗ್ಗುತ್ತಿದ್ದಳು, ಬುಟ್ಟಿ ಮೇಲೇರುತ್ತಿತ್ತು. ಕಟ್ಟಡದ ಎಷ್ಟೋ ಮಕ್ಕಳು ಮೊದಲ ಹೆಜ್ಜೆ ಇಟ್ಟದ್ದು ಅವಳು ಒರೆಸಿದ ಮೊಗಸಾಲೆಯ ನೆಲದ ಮೇಲೆ. ಹೆರಿಗೆಯಾದ ಮನೆಗೆ ಕೋಳಿ ಸಾರು ಹೊತ್ತವಳು, ಮದುವೆಯ ಮನೆಯಲ್ಲಿ ನಾಲಿಗೆ ಹೊರಳಿಸಿ ಎಲ್ಲರಿಗಿಂತ ಜೋರಾಗಿ ಉಲುಲು ಕೂಗಿದವಳು ಅವಳೇ. ತಾನು ಇವರಲ್ಲಿ ಒಬ್ಬಳು ಎಂದೇ ಅವಳು ತಿಳಿದಿದ್ದಳು.

ಕಟ್ಟಡ ಮೊದಲಿಗೆ ಐದು ಮಹಡಿಯದು. ಆಮೇಲೆ ಹಾಜಿ ಮೇಲೊಂದು ಏರಿಸಿದ, ಅದರ ಮೇಲೆ ಇನ್ನೊಂದು. ಸರ್ಕಾರ ಬೇರೆ ಗದ್ದಲದಲ್ಲಿದ್ದಾಗ ಮತ್ತೆರಡು. ಪ್ರತಿ ಸಲವೂ ಒಂದು ಕರು ಕೊಯ್ದು ಓಣಿಗೆಲ್ಲ ಮಾಂಸ ಹಂಚಿದ. ತಿಂದ ಬಾಯಿ ಬೈಯುವುದುಂಟೇ? ಕೊನೆಯ ಮಹಡಿಯ ಸಿಮೆಂಟು ಒಣಗುವ ಹೊತ್ತಿಗೆ ತಫೀದಾಳ ಕೋಣೆಯ ಗೋಡೆಯಲ್ಲಿ, ಹಾಸಿಗೆಯ ತಲೆದೆಸೆಗೆ, ಒಂದು ಬಿರುಕು ಕಾಣಿಸಿಕೊಂಡಿತು. ಅವಳು ಗಾರೆ ಕಲಸಿ ಮೆತ್ತಿದಳು. ವಾರ ಕಳೆಯುವಷ್ಟರಲ್ಲಿ ಗಾರೆ ಹೋಳಾಗಿ ದಿಂಬಿನ ಮೇಲೆ ಬಿದ್ದಿತ್ತು. ಮತ್ತೆ ಮೆತ್ತಿದಳು. ಮತ್ತೆ ಬಿತ್ತು. ಕೊನೆಗೆ, ಬಾಡಿಗೆ ಎತ್ತಲು ಬಂದ ಹಾಜಿಯನ್ನು ನಿಲ್ಲಿಸಿ ಹೇಳಿದಳು.

ಹಾಜಿ ಜಪಮಣಿ ಎಣಿಸುತ್ತಲೇ ನಕ್ಕ. “ಕಟ್ಟಡಾನೂ ಹೆಂಗಸಿನ ಹಾಗೇ ಕಣೆ ತಫೀದಾ. ವಯಸ್ಸಾದ್ಮೇಲೆ ಅಲ್ಲೊಂದು ಸುಕ್ಕು, ಇಲ್ಲೊಂದು ಸುಕ್ಕು. ಅದಕ್ಕೆಲ್ಲ ಡಾಕ್ಟ್ರನ್ನ ಕರೀತಾರಾ?”

“ಸುಕ್ಕಲ್ಲ ಹಾಜಿ. ನನ್ನ ಬೆರಳು ಒಳಗೆ ಹೋಗುತ್ತೆ.”

“ಹಾಗಾದ್ರೆ ಬೆರಳು ಹಾಕ್ಬೇಡ.”

ಮುಂದಿನ ತಿಂಗಳು ಕೆಲಸಗಾರರು ಬಂದರು. ಬಿರುಕು ಮುಚ್ಚಲು ಅಲ್ಲ. ಮೊಗಸಾಲೆಯ ಗೋಡೆಗೆಲ್ಲ ಕನ್ನಡಿಯಂತೆ ಹೊಳೆಯುವ ಕಪ್ಪು ಕಲ್ಲು ಕೂರಿಸಲು. ಬಾಡಿಗೆದಾರರಿಗೆ ಹಿಗ್ಗೋ ಹಿಗ್ಗು. ಎರಡನೇ ಮಹಡಿಯ ಉಮ್ ಹಮಾದಾ, ಅಂದರೆ ಹಮಾದಾನ ಅಮ್ಮ, ಕಸಾಯಿ ಅಂಗಡಿಯವನ ಹೆಂಡತಿ, ಆ ಕಲ್ಲಿನಲ್ಲಿ ತಲೆವಸ್ತ್ರ ಸರಿಮಾಡಿಕೊಳ್ಳುತ್ತ, “ಈಗ ಗಂಡಿನ ಕಡೆಯವರು ಬಂದ್ರೆ ನೋಡೋ ಹಾಗಾಯ್ತು” ಎಂದಳು. ಅವಳ ಮಗಳಿಗೆ ಆಗ ಗಂಡು ಹುಡುಕುತ್ತಿದ್ದರು.

ನವೆಂಬರಿನಲ್ಲಿ ಪೊರಕೆ ಬಿರುಗಾಳಿ ಬಂತು. ಈ ಊರಿನ ಚಳಿಗಾಲದ ಗಾಳಿಗಳಿಗೆಲ್ಲ ಒಂದೊಂದು ಹೆಸರು. ಇದು ಬೀದಿಯನ್ನೆಲ್ಲ ಗುಡಿಸಿ ಸಮುದ್ರಕ್ಕೆ ಹಾಕುವಂಥದು. ಎರಡು ದಿನ ಮಳೆ ಹುಯ್ದು, ಮೂರನೆಯ ದಿನ ಬೆಳಿಗ್ಗೆ, ಬಿಸಿಲು ಬಂದ ಮೇಲೆ, ಎರಡು ಓಣಿ ಆಚೆಯ ಮನೆಯೊಂದು ಕುಸಿಯಿತು. ಜನ ಹಾಸಿಗೆ ಬಟ್ಟೆಗಳನ್ನು ಬಾಲ್ಕನಿಯಲ್ಲಿ ಒಣಹಾಕುತ್ತಿದ್ದ ಹೊತ್ತು. ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಲಾರಿಯಿಂದ ಮರಳು ಸುರಿದ ಹಾಗೆ. ಆಮೇಲೆ ಬಿಳಿ ಧೂಳು ಬಂದು ಮಾರುಕಟ್ಟೆಯ ಟೊಮೆಟೊ ರಾಶಿಗಳ ಮೇಲೆಲ್ಲ ಕೂತಿತು.

ಆ ಮನೆಯಲ್ಲಿ ಸಬ್ರಿಯ್ಯಾ ಇದ್ದಳು. ಟ್ರಾಮ್ ನಿಲ್ದಾಣದ ಬಳಿ ನೆನೆಸಿದ ಕಾಳು ಮಾರುವವಳು, ಈ ಊರಿನಲ್ಲಿ ತಫೀದಾಳಿಗಿದ್ದ ಒಬ್ಬಳೇ ಗೆಳತಿ. ಅವಳನ್ನೂ ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ಹೊರತೆಗೆದಾಗ ಮಧ್ಯಾಹ್ನದ ನಮಾಜು ಮುಗಿದಿತ್ತು. ಹೆಣ ತೊಳೆಯುವಾಕೆಗೆ ಕೈಜೋಡಿಸಲು ತಫೀದಾ ಹೋದಳು. ಅವಳು ನೀರು ಹೊಯ್ದಳು, ಆಕೆ ತೊಳೆದಳು. ಮೈಯೆಲ್ಲ ಶುದ್ಧವಾಯಿತು, ಕೂದಲು ಮಾತ್ರ ಆಗಲಿಲ್ಲ. ಸುಣ್ಣ, ಸಿಮೆಂಟು, ಮಳೆನೀರು ಎಲ್ಲ ಸೇರಿ ಬುಡದಲ್ಲಿ ಗಟ್ಟಿಯಾಗಿತ್ತು. ಎಷ್ಟು ತಂಬಿಗೆ ಹೊಯ್ದರೂ ಬಿಡಲಿಲ್ಲ. “ಸಾಕು ಬಿಡು ತಂಗಿ,” ಎಂದಳು ಆ ಮುದುಕಿ. “ಹೀಗೇ ಹೋಗ್ಲಿ. ಯಾರು ಮಾಡಿದ್ದು ಅಂತ ಅಲ್ಲಿ ಕೇಳ್ದಾಗ ತೋರ್ಸೋಕೆ ಬೇಕಾಗುತ್ತೆ.”

ಅದಾದ ಶುಕ್ರವಾರ ಉಮ್ ಹಮಾದಾಳ ಮನೆಯಲ್ಲಿ ಹೆಂಗಸರು ಸೇರಿದ್ದರು. ಮಗಳಿಗೆ ಗಂಡು ಗೊತ್ತಾಗಿತ್ತು. ಬೀಗರ ಊಟಕ್ಕೆ ಕೋಸಿನ ಎಲೆಯಲ್ಲಿ ಅನ್ನದ ಸುರುಳಿ ಮಾಡಬೇಕಿತ್ತು. ತಟ್ಟೆಗಳ ಸುತ್ತ ನೆಲದ ಮೇಲೆ ಕೂತು ಎಲೆ ಹರಡಿ ಸುತ್ತುತ್ತಿದ್ದರು. ತಫೀದಾ ಬಾಗಿಲ ಪಕ್ಕದಲ್ಲಿ ಕೂತು ಎಲೆಯ ನಾರು ಬಿಡಿಸುತ್ತಿದ್ದಳು. ಮಾತು ಸಬ್ರಿಯ್ಯಾಳ ಕಡೆ ಹೊರಳಿದಾಗ ಅವಳು ಬಾಯಿಬಿಟ್ಟಳು.

“ನಾವೂ ಒಂದ್ಸಲ ಸರ್ಕಾರದ ಎಂಜಿನಿಯರನ್ನ ಕರೆಸೋಣ. ಬಂದು ನೋಡ್ಲಿ. ಏನೂ ಇಲ್ಲ ಅಂದ್ರೆ ನೆಮ್ಮದಿಯಾಗಿ ಮಲಗ್ತೀವಿ.”

“ಏನೋ ಇದೆ ಅಂದ್ರೆ?” ಎಂದಳು ಉಮ್ ಹಮಾದಾ. ಸುತ್ತುತ್ತಿದ್ದ ಕೈಗಳೆಲ್ಲ ನಿಂತವು.

“ಇದ್ರೆ... ಗೊತ್ತಾಗುತ್ತಲ್ಲ.”

“ನಿಂಗೇನಮ್ಮ! ಮೆಟ್ಟಿಲ ಕೆಳಗಿನ ಗೂಡು. ಇಲ್ಲಿಂದ ಎಬ್ಬಿಸಿದ್ರೆ ಇನ್ನೊಂದು ಮೆಟ್ಟಿಲ ಕೆಳಗೆ ಹೋಗಿ ಕೂತ್ಕೋತೀಯ. ನಮ್ಮನ್ನ ಎತ್ತಿ ಊರಾಚೆ ಮರಳಲ್ಲಿ ಬಿಸಾಕ್ತಾರೆ. ಅಂಗಡಿ ಇಲ್ಲಿದೆ, ಗಿರಾಕಿ ಇಲ್ಲಿದಾರೆ, ಬೀಗರು ಇದೇ ಓಣಿ ನೋಡಿ ಒಪ್ಪಿದಾರೆ.”

“ಜೀವ ಇಲ್ದಿದ್ರೆ ಅಂಗಡಿ ಇಟ್ಕೊಂಡು ಏನ್ಮಾಡ್ತೀಯ, ಹಮಾದಾನ ಅಮ್ಮ?”

“ಥೂ! ನಿನ್ನ ಬಾಯಿಗೆ ಮಣ್ಣು ಬೀಳ! ಮದುವೆ ಅಡುಗೆ ಮುಂದೆ ಕೂತು ಸಾವಿನ ಮಾತಾಡ್ತಾಳೆ!”

ಮಿಕ್ಕವರು ಎಲೆಗಳ ಕಡೆ ನೋಡಿದರು. ಅವರಲ್ಲಿ ಬಾಗಿಲಿಗೆ ಕೀಸುಳಿ ಹಾಕಿಸದೆ ಇದ್ದವಳು ಒಬ್ಬಳೂ ಇರಲಿಲ್ಲ.

ಅಂದು ಸಂಜೆ ಐದನೆಯ ಮಹಡಿಯ ಅವಾತಿಫ್ ಅವಳನ್ನು ಮೇಲೆ ಕರೆದಳು. ನಿವೃತ್ತ ಮೇಷ್ಟರಮ್ಮ; ಮಕ್ಕಳು ಶಾಲೆಯಲ್ಲಿ ಕರೆಯುವಂತೆ ಓಣಿಯೆಲ್ಲ ಆಕೆಯನ್ನು ‘ಅಬ್ಲಾ’ ಎನ್ನುತ್ತಿತ್ತು. ಒಂಟಿ ಹೆಂಗಸು. ಆಕೆಗೆ ಜ್ವರ ಬಂದಾಗ ತಫೀದಾ ಹಾಸಿಗೆಯ ಪಕ್ಕದಲ್ಲೇ ನೆಲದ ಮೇಲೆ ಮಲಗುತ್ತಿದ್ದಳು.

“ಬಾಗಿಲು ಹಾಕು,” ಎಂದಳು ಅವಾತಿಫ್.

“ಅದು ಮುಚ್ಚಲ್ಲ ಅಬ್ಲಾ.”

“ಅಯ್ಯೋ, ಹೌದಲ್ಲ. ಹಾಗಾದ್ರೆ ಮೆಲ್ಲಗೆ ಮಾತಾಡು.” ಆಕೆ ಚಹಾ ಬಗ್ಗಿಸಿ ತಾನೇ ತಫೀದಾಳ ಕೈಗೆ ಕೊಟ್ಟಳು. “ನೀನು ಹೇಳಿದ್ದು ಸರಿ. ನನ್ನ ಮಂಚ ತಾನಾಗೇ ಗೋಡೆ ಬಿಟ್ಟು ಸರೀತಾ ಇದೆ. ನಂಗೆ ಕಣ್ಣಿಗೆ ನಿದ್ದೆ ಹತ್ತಲ್ಲ.”

“ಹಾಗಾದ್ರೆ ಅಲ್ಲೇ ಯಾಕೆ ಹೇಳ್ಲಿಲ್ಲ ನೀವು?”

“ಹೇಳಿದ್ರೆ ಆ ಕಸಾಯಿ ಹೆಂಡತಿ ನನ್ನ ಹರಿದು ತಿಂತಾಳೆ. ಹಾಜಿ ಕೋರ್ಟಿಗೆ ಎಳೀತಾನೆ. ನನ್ನ ಹೆಸರಲ್ಲಿ ಬಾಡಿಗೆ ಕರಾರಿದೆ ನೋಡು. ನೀನು ಹೋಗು ತಫೀದಾ. ಪೌರ ಕಚೇರಿಗೆ ಹೋಗಿ ಬಾಯಲ್ಲಿ ಹೇಳಿದ್ರೂ ಸಾಕು. ನಿನ್ನನ್ನ ಯಾರು ಏನ್ಮಾಡ್ತಾರೆ? ಏನಾದ್ರೂ ಆದ್ರೆ ನಾನಿದ್ದೀನಿ. ಅಲ್ಲಾನ ಮೇಲಾಣೆ, ನಿನ್ನ ಬೆನ್ನಿಗೆ ನಾನಿರ್ತೀನಿ.”

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಆದರೆ ತಫೀದಾಳಿಗೆ ಹಾಗನ್ನಿಸಲಿಲ್ಲ. ಓದಿದ ಹೆಂಗಸೊಬ್ಬಳು ತನ್ನ ಕೈಗೆ ತಾನೇ ಚಹಾ ಕೊಟ್ಟು ‘ನಾನಿದ್ದೀನಿ’ ಎಂದಿದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಕಚೇರಿಯಲ್ಲಿ ಅವಳನ್ನು ಈ ಕಿಟಕಿಯಿಂದ ಆ ಕಿಟಕಿಗೆ, ಆ ಕಿಟಕಿಯಿಂದ ಕಾರಿಡಾರಿನ ಬೆಂಚಿಗೆ ಅಟ್ಟಿದರು. ಅವಳು ಕೂತಳು. ಮಧ್ಯಾಹ್ನದ ಮೇಲೆ ನೆರೆತ ಗಡ್ಡದ ಎಂಜಿನಿಯರೊಬ್ಬ ಹೊರಗೆ ಬಂದ. ಕುಸಿದ ಮನೆಯ ಹತ್ತಿರ ಅವನನ್ನು ಅವಳು ನೋಡಿದ್ದಳು. ಬೂಟಿನ ಮೇಲೆ ಬಿಳಿ ಧೂಳು ಹೊತ್ತು ನಿಂತಿದ್ದ. ಅವಳು ಎದ್ದು ಅಡ್ಡ ನಿಂತಳು.

“ಸಬ್ರಿಯ್ಯಾಗೆ ನೀರು ಹೊಯ್ದವಳು ನಾನು,” ಎಂದಳು. ಬೇರೆ ಹೇಗೆ ಶುರುಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಅವನು ಅವಳ ಮುಖವನ್ನೇ ನೋಡಿದ. “ನಿಮ್ಮ ಮನೆ ಎಲ್ಲಿ, ಖಾಲಾ?” ಎಂದ, ಚಿಕ್ಕಮ್ಮನನ್ನು ಕೇಳುವ ಹಾಗೆ.

ಮರುದಿನವೇ ಬಂದ. ಮಾಳಿಗೆಯ ಮೇಲಿಂದ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟ. ಗೋಡೆಗೆ ತಾಗಿಕೊಂಡು ಇಳಿಯಬೇಕಾದ ಗುಂಡು ಕೆಳಗೆ ಬರುವಾಗ ಗೋಡೆಯಿಂದ ಎರಡು ಮೊಳ ಆಚೆ, ಓಣಿಯ ನಡುವೆ ತೂಗಾಡುತ್ತಿತ್ತು. ಆಮೇಲೆ ಮೊಗಸಾಲೆಯ ಕಪ್ಪು ಕಲ್ಲೊಂದನ್ನು ಕೀಳಿಸಿದ. ಅದರ ಹಿಂದಿನ ಕಂಬದಲ್ಲಿ ಸಿಮೆಂಟು ಉದುರಿ, ಕಬ್ಬಿಣ ತುಕ್ಕು ಹಿಡಿದು ಹಪ್ಪಳದಂತೆ ಎದ್ದಿತ್ತು. ಕೊನೆಗೆ ತಫೀದಾಳ ಕೋಣೆಗೆ ಬಗ್ಗಿ ಬಂದು ಬಿರುಕಿನೊಳಗೆ ಕೈಯಿಟ್ಟ. ಬೆರಳಲ್ಲ, ಇಡೀ ಕೈ ಹೋಯಿತು.

“ಇಲ್ಲಿ ಯಾರು ಮಲಗ್ತಾರೆ?”

“ನಾನು.”

“ಇವತ್ತಿಂದ ಬೇಡ,” ಎಂದ.

ಪೊಲೀಸರು ಬಂದು ಮೈಕಿನಲ್ಲಿ ಕೂಗಿದರು. ಎರಡು ದಿನ ಗಡುವು. ಮಂಚ, ಬೀರು, ಫ್ರಿಜ್ಜು, ಉಮ್ ಹಮಾದಾಳ ಮಗಳಿಗೆಂದು ಕೂಡಿಟ್ಟ ಪಾತ್ರೆಗಳ ಪೆಟ್ಟಿಗೆ, ಎಲ್ಲವೂ ಹಗ್ಗದಲ್ಲಿ ಬಾಲ್ಕನಿಗಳಿಂದ ಇಳಿದವು. ಬಿಕ್ಕುತ್ತ, ಬೈಯುತ್ತ, ಒಬ್ಬರ ಸಾಮಾನಿಗೆ ಇನ್ನೊಬ್ಬರು ಒದೆಯುತ್ತ ಜನ ಓಣಿಯ ತುಂಬ ನಿಂತರು. ತಫೀದಾಳಿಗೆ ಇಳಿಸಲು ತನ್ನದೆಂಬುದು ಹೆಚ್ಚಿರಲಿಲ್ಲ. ಅವಳು ಅವಾತಿಫಳ ಸಾಮಾನು ಹೊತ್ತಳು. ಹೊಲಿಗೆ ಯಂತ್ರವನ್ನು ತಲೆಯ ಮೇಲಿಟ್ಟುಕೊಂಡು ಐದು ಮಹಡಿ ಇಳಿದು ಮೊಗಸಾಲೆಗೆ ಬಂದಾಗ ಹೊರಗೆ ಉಮ್ ಹಮಾದಾಳ ದನಿ ಕೇಳಿಸಿತು.

“ಯಾರ ನಾಲಿಗೆ ಇದು? ಯಾರು ಹೋಗಿ ಊದಿದ್ದು? ಅಬ್ಲಾ, ನೀವು ಓದಿದೋರು, ನಿಮಗೆ ಆಫೀಸು ಗೀಫೀಸು ಗೊತ್ತು. ನೀವೇನಾದ್ರೂ...?”

“ನಾನಾ?” ಎಂದಳು ಅವಾತಿಫ್. “ಅಲ್ಲಾ ನೋಡ್ತಿದಾನೆ! ಬೇಡ ಬೇಡ ಅಂತ ನಾನು ಎಷ್ಟು ಬಡ್ಕೊಂಡೆ. ಆ ತಫೀದಾ ಕೇಳ್ಬೇಕಲ್ಲ? ಪಾಪ, ಓದು ಬರಹ ಇಲ್ಲ. ಓಡಿಹೋಗಿ ಹೇಳ್ಬಿಟ್ಲು.”

ತಫೀದಾ ಬಾಗಿಲಲ್ಲಿ ನಿಂತಳು. ತಲೆಯ ಮೇಲೆ ಯಂತ್ರ, ಎರಡು ಕೈಯೂ ಅದಕ್ಕೆ ಆನಿಸಿದ್ದವು. ಕಿವಿ ಮುಚ್ಚಿಕೊಳ್ಳಲೂ ಆಗುವಂತಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು, ಅವಾತಿಫಳೊಬ್ಬಳನ್ನು ಬಿಟ್ಟು. ತಫೀದಾ ನಿಧಾನವಾಗಿ ಮಂಡಿ ಬಗ್ಗಿಸಿ ಯಂತ್ರವನ್ನು ನೆಲಕ್ಕಿಟ್ಟಳು. ಸೂಜಿ ಮುರಿಯಬಾರದು ಎಂದು ಆ ಗಳಿಗೆಯಲ್ಲೂ ಅವಳ ಕೈ ನೋಡಿಕೊಂಡಿತು. ಆಮೇಲೆ ಅವಾತಿಫಳ ಮುಖವನ್ನೇ ದಿಟ್ಟಿಸಿದಳು. ಆಕೆ ಗಂಟುಮೂಟೆ ಎಣಿಸತೊಡಗಿದಳು.

“ನಮ್ಮ ಮನೆ ಹಾಳು ಮಾಡಿದೋಳೇ, ನಿನ್ನ ಮನೆ ಹಾಳಾಗ!” ಎಂದು ಉಮ್ ಹಮಾದಾ ಕಾಲಿನ ಚಪ್ಪಲಿ ಬೀಸಿ ಎಸೆದಳು. ಅದು ತಫೀದಾಳ ಭುಜಕ್ಕೆ ಬಡಿಯಿತು. “ಮೂವತ್ತು ವರ್ಷ ನಮ್ಮ ಎಂಜಲು ತಿಂದಿದ್ದಕ್ಕೆ ಇದಾ ಬಹುಮಾನ?”

ಶಹಾತನೂ ಅಲ್ಲಿದ್ದ. ಯಾರದೋ ಬೀರುವಿನ ಕಾಲು ಬಿಚ್ಚುತ್ತಿದ್ದ. ಬಾಗಿಲುಗಳ ಕಥೆ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವನು ತಲೆ ಎತ್ತಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯದವರು ಮುಖ ತಿರುಗಿಸಿ ನಿಂತರು, ಅಷ್ಟೇ ವ್ಯತ್ಯಾಸ.

ಕರಾರು ಇದ್ದವರಿಗೆಲ್ಲ ಊರ ಹೊರಗಿನ ಕೆರೆಯಾಚೆಯ ಹೊಸ ಬಡಾವಣೆಯಲ್ಲಿ ಸರ್ಕಾರಿ ಮನೆ ಸಿಕ್ಕಿತು. ತಫೀದಾ ಸಾಲಿನಲ್ಲಿ ನಿಂತು ಕಿಟಕಿಗೆ ಹೋದಾಗ ಗುಮಾಸ್ತ ಕೇಳಿದ, “ನಿನ್ನ ಕರಾರು?”

“ನಾನು ಕಾವಲುಗಾರನ ಹೆಂಡತಿ. ಅಲ್ಲೇ ಇದ್ದೆ.”

“ಹಾಗಾದ್ರೆ ನೀನು ಅಲ್ಲಿ ವಾಸ ಇರ್ಲಿಲ್ಲ. ಕೆಲಸಕ್ಕಿದ್ದೆ.” ಅವನು ಕೆಟ್ಟವನೇನಲ್ಲ, ಅವಳ ಮುಖ ನೋಡಿ ದನಿ ತಗ್ಗಿಸಿದ. “ಬಾಡಿಗೆದಾರರಲ್ಲಿ ಇಬ್ಬರು ಬಂದು, ಈಕೆ ನಮ್ಮ ಜೊತೆ ಅಲ್ಲೇ ವಾಸ ಇದ್ಲು ಅಂತ ಸಾಕ್ಷಿ ಹೇಳಿದ್ರೆ ನೋಡ್ಬಹುದು ಖಾಲಾ.”

ಅವಳು ಹುಡುಕಿಕೊಂಡು ಹೋದಳು. ಒಬ್ಬರು ಊರಲ್ಲಿಲ್ಲ ಎಂದರು, ಇನ್ನೊಬ್ಬರು ಬಾಗಿಲು ತೆರೆಯಲಿಲ್ಲ. ಅವಾತಿಫ್ ಅಣ್ಣನ ಮನೆಯಲ್ಲಿದ್ದಳು. ಅತ್ತಿಗೆ ಬಂದು ಸರಪಳಿ ತೆಗೆಯದೆಯೇ, “ಅವರಿಗೆ ಕಾಲು ನೋವು, ಮಲಗಿದಾರೆ” ಎಂದಳು. ಒಳಗೆ ಚಹಾ ಲೋಟಕ್ಕೆ ಚಮಚ ತಾಗುವ ಸದ್ದಾಗುತ್ತಿತ್ತು. ಸಕ್ಕರೆಯನ್ನು ಅಷ್ಟು ಹೊತ್ತು ತಿರುಗಿಸುವವಳು ಯಾರೆಂದು ತಫೀದಾಳಿಗೆ ಗೊತ್ತಿತ್ತು. ಅವಳು ಮತ್ತೆ ಯಾರ ಬಾಗಿಲಿಗೂ ಹೋಗಲಿಲ್ಲ.

ಮಾರುಕಟ್ಟೆಯ ಕೋಳಿ ಅಂಗಡಿಯ ಝಗ್ಲೂಲ್ ಅಟ್ಟದ ಮೇಲೆ ಮಲಗಲು ಜಾಗ ಕೊಟ್ಟ. ಬದಲಿಗೆ ಬೆಳಿಗ್ಗೆ ಅಂಗಡಿ ತೊಳೆಯಬೇಕು, ಪುಕ್ಕ ಬಿಡಿಸಬೇಕು. ಮಿಕ್ಕ ಹೊತ್ತು ಅವಳು ಗೋಣಿ ಹಾಸಿ ಮೂಲಂಗಿ, ಸಬ್ಬಸಿಗೆ, ಕೊತ್ತಂಬರಿ ಕಟ್ಟು ಮಾರತೊಡಗಿದಳು.

ಕಟ್ಟಡ ಒಡೆಯುವ ಕೆಲಸ ಅಲ್ಲಿಂದಲೇ ಕಾಣುತ್ತಿತ್ತು. ಓಣಿ ಕಿರಿದಾದ್ದರಿಂದ ಯಂತ್ರ ಹೋಗುವಂತಿರಲಿಲ್ಲ. ಆಳುಗಳು ಮೇಲಿಂದ ಸುತ್ತಿಗೆ ಹಿಡಿದು ಒಂದೊಂದೇ ಮಹಡಿ ಕೆಡವುತ್ತ ಬಂದರು. ಚಳಿಗಾಲದ ಮಿಕ್ಕ ಬಿರುಗಾಳಿಗಳೂ ಬಂದು ಹೋದವು. ಕಟ್ಟಡ ಬೀಳಲಿಲ್ಲ. ಮೇಲಿನ ನಾಲ್ಕು ಮಹಡಿಯ ಭಾರ ಇಳಿದದ್ದಕ್ಕೋ, ಜನ ಸಾಮಾನು ಖಾಲಿಯಾದದ್ದಕ್ಕೋ, ಅಂತೂ ಓರೆಯಾಗಿಯೇ ನಿಂತುಕೊಂಡಿತು. ಹಳೆಯ ಬಾಡಿಗೆದಾರರು ಮಾರುಕಟ್ಟೆಗೆ ಬಂದಾಗಲೆಲ್ಲ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದರು.

“ನೋಡ್ರೀ, ಸುತ್ತಿಗೆ ಹೊಡೆದ್ರೂ ಜಗ್ತಾ ಇಲ್ಲ,” ಎನ್ನುತ್ತಿದ್ದಳು ಉಮ್ ಹಮಾದಾ, ಮಗ ಹಮಾದಾನ ಮಗಳನ್ನು ಸೊಂಟದ ಮೇಲಿಟ್ಟುಕೊಂಡು, ತಫೀದಾಳಿಗೆ ಕೇಳಿಸುವಷ್ಟು ಜೋರಾಗಿ. “ನೂರು ವರ್ಷ ನಿಲ್ತಿತ್ತು. ಒಂದು ಹೆಂಗಸಿನ ನಾಲಿಗೆ ಬೀಳಿಸ್ತು.”

ಸುತ್ತಲಿನವರು ಹೌದೆನ್ನುತ್ತಿದ್ದರು. ಅದೇ ವಿಚಿತ್ರ. ಬಿದ್ದು ನಾಲ್ಕು ಹೆಣ ಉರುಳಿದ್ದರೆ ತಫೀದಾಳ ಮಾತು ನಿಜವಾಗುತ್ತಿತ್ತು. ಎಲ್ಲರೂ ಬದುಕುಳಿದಿದ್ದರಿಂದ ಅವಳು ಸುಳ್ಳಿಯಾದಳು.

ಒಂದು ದಿನ, ಮೂರನೆಯ ಮಹಡಿಯ ಗೋಡೆಗೆ ಸುತ್ತಿಗೆ ಬೀಳುತ್ತಿದ್ದಾಗ, ಗೋಣಿಯ ಮೇಲೆ ಕೂತಿದ್ದ ತಫೀದಾ ತನಗರಿವಿಲ್ಲದೆಯೇ, ‘ಬೀಳಬೇಕಿತ್ತು’ ಎಂದುಕೊಂಡಳು. ‘ಅವತ್ತೇ, ಎಲ್ಲರೂ ಒಳಗಿದ್ದಾಗಲೇ ಬೀಳಬೇಕಿತ್ತು.’ ಯಾರು ಯಾರು ಎಂದು ಮನಸ್ಸು ಒಬ್ಬೊಬ್ಬರನ್ನೇ ಆರಿಸತೊಡಗಿತು. ಉಮ್ ಹಮಾದಾ. ಅವಾತಿಫ್, ಆ ಮಂಚದ ಮೇಲೆ. ಸಬ್ರಿಯ್ಯಾಳ ಕೂದಲಿನಂತೆ ಅವಾತಿಫಳ ನೆರೆತ ಕೂದಲೂ ಸುಣ್ಣದಲ್ಲಿ ಗಟ್ಟಿಯಾಗಿ, ತಾನು ತಂಬಿಗೆ ತಂಬಿಗೆ ನೀರು ಹೊಯ್ಯುತ್ತಿರುವಂತೆ ಕಂಡಿತು. ಆಗ, ಅಂದೂ ಅಲ್ಲಿ ಬಂದು ನಿಂತಿದ್ದ ಉಮ್ ಹಮಾದಾಳ ಸೊಂಟದ ಮೇಲಿದ್ದ ಕೂಸು, ಹಿಂದೆ ತಾನೇ ಮೀಯಿಸಿ ಒರೆಸಿದ ಕೂಸು, ಅವಳತ್ತ ಕೈಬೀಸಿ ನಕ್ಕಿತು. ತಫೀದಾ ದಡಕ್ಕನೆ ಎದ್ದಳು. ಮಸೀದಿಯ ನಲ್ಲಿಗೆ ಓಡಿಹೋಗಿ ಬಾಯಿ ಮುಕ್ಕಳಿಸಿದಳು, ಮುಖ ತೊಳೆದಳು, ಮತ್ತೆ ಮುಕ್ಕಳಿಸಿದಳು. ಇವರು ತನ್ನ ಮನೆಯನ್ನಷ್ಟೇ ಅಲ್ಲ, ತನ್ನ ಒಳಗಿನದನ್ನೂ ಕೆಡಿಸಿಬಿಟ್ಟರಲ್ಲ ಎಂದು ಅವಳಿಗೆ ಅಲ್ಲಿ ಅಳು ಬಂತು. ಚಪ್ಪಲಿ ಬಿದ್ದ ದಿನವೂ ಅವಳು ಅತ್ತಿರಲಿಲ್ಲ.

ವರ್ಷ ತಿರುಗಿ ಮತ್ತೊಂದು ಚಳಿಗಾಲ ಬಂತು. ಹಾಜಿ ಮಿತ್ವಲ್ಲಿ ಒಂದಷ್ಟು ದಿನ ಜೈಲಿನಲ್ಲಿದ್ದು ಹೊರಬಂದಿದ್ದ. ಬಂದವನೇ ಮಕ್ಕಾಗೆ ಹೋಗಿ ಬಂದ. ಅದೇ ಜಾಗದಲ್ಲಿ ಹೊಸ ಕಟ್ಟಡದ ಪಾಯ ತೆಗೆಸಿದ. ಕರು ಕೊಯ್ದ. ಕೆರೆಯಾಚೆಯಿಂದ ಹಳೆಯ ಬಾಡಿಗೆದಾರರು ಬಸ್ಸು ಹತ್ತಿ ಬಂದು ಅವನ ಕೈಕುಲುಕಿ ಮಾಂಸದ ಪೊಟ್ಟಣ ತಗೊಂಡು ಹೋದರು.

ಅಂಥ ಒಂದು ದಿನವೇ ಅವಾತಿಫ್ ಗೋಣಿಯ ಮುಂದೆ ಬಂದು ನಿಂತಳು.

“ತಫೀದಾ! ಎಷ್ಟು ಸೊರಗಿದ್ದೀಯ! ನಿನ್ನನ್ನ ಎಲ್ಲೆಲ್ಲಿ ಹುಡುಕ್ದೆ ಗೊತ್ತಾ?”

“ನಾನು ಇಲ್ಲೇ ಇದ್ದೆ ಅಬ್ಲಾ.”

ಅವಾತಿಫ್ ಸಬ್ಬಸಿಗೆಯ ಕಟ್ಟೊಂದನ್ನು ಎತ್ತಿ ಮೂಸಿ ಇಟ್ಟಳು. ಹೊಸ ಮನೆಯಲ್ಲಿ ನೀರು ಏರುವುದಿಲ್ಲ, ನೆರೆಯವರು ಒರಟರು, ಮಂಡಿ ನೋವಿಗೆ ಬಗ್ಗಲಾಗುವುದಿಲ್ಲ ಎಂದೆಲ್ಲ ಹೇಳಿಕೊಂಡಳು. “ಗುರುವಾರ ಗುರುವಾರ ಬಂದು ಮನೆ ಒರೆಸಿ ಕೊಡ್ತೀಯಾ? ಬಸ್ ಚಾರ್ಜ್ ಬೇರೆ ಕೊಡ್ತೀನಿ. ನಿನ್ನ ಕೈ ಹಾಗೆ ಯಾರ ಕೈಯೂ ಬರಲ್ಲ ನಂಗೆ.”

ತಫೀದಾ ಒಪ್ಪಿಕೊಂಡಳು. ಚಳಿಗಾಲದ ಮಳೆಗೆ ಸೊಪ್ಪು ಕೊಳೆತು ಹೋಗುತ್ತಿತ್ತು, ನಿಜ. ಆದರೆ ಒಪ್ಪಿದ್ದು ಅದಕ್ಕೆ ಮಾತ್ರವಲ್ಲ. ನಾಲ್ಕು ಗೋಡೆಯ ನಡುವೆ, ಯಾರೂ ಇಲ್ಲದಾಗ, ಆಕೆ ಒಂದು ಮಾತು ಆಡಿಯಾಳು ಎಂದು ಅವಳಿಗೊಂದು ಆಸೆ. ದೊಡ್ಡದೇನೂ ಬೇಡ. ‘ತಪ್ಪಾಯ್ತು ಕಣೆ’ ಎಂದರೆ ಸಾಕಿತ್ತು.

ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಒರೆಸುತ್ತಿದ್ದಳು, ಒಗೆಯುತ್ತಿದ್ದಳು. ಅವಾತಿಫ್ ಸೋಫಾದ ಮೇಲೆ ಕಾಲು ಚಾಚಿ ಟೀವಿ ನೋಡುತ್ತ ಎಲ್ಲ ಮಾತೂ ಆಡುತ್ತಿದ್ದಳು, ಆ ಒಂದನ್ನು ಬಿಟ್ಟು. ಹಲವು ಗುರುವಾರಗಳು ಹಾಗೇ ಹೋದವು.

ಒಂದು ಗುರುವಾರ ಅತಿಥಿಗಳಿದ್ದರು. ಉಮ್ ಹಮಾದಾ, ಜೊತೆಗೆ ಅದೇ ಬಡಾವಣೆಯ ಇಬ್ಬರು ಹೊಸ ನೆರೆಯವರು. ತಫೀದಾ ಅಡುಗೆಮನೆಯಲ್ಲಿ ನೆಲ ಉಜ್ಜುತ್ತಿದ್ದಳು.

“ಆ ಹೆಂಗಸನ್ನ ಮತ್ತೆ ಒಳಗೆ ಬಿಟ್ಕೊಂಡಿದ್ದೀರಾ ಅಬ್ಲಾ?” ಉಮ್ ಹಮಾದಾಳ ದನಿ.

“ಯಾವ ಹೆಂಗಸು?” ಎಂದಳು ಹೊಸಬಳೊಬ್ಬಳು. ಉಮ್ ಹಮಾದಾ ಹೇಳಿದಳು, ಉಪ್ಪು ಖಾರ ಹಚ್ಚಿ. ಹೊಸಬಳು 'ಅಯ್ಯೋ ಪಾಪಿ' ಎಂದು ನಾಲಿಗೆ ಲೊಚಗುಟ್ಟಿದಳು.

ಅವಾತಿಫ್ ನಿಟ್ಟುಸಿರಿಟ್ಟಳು. “ಏನ್ಮಾಡೋದಮ್ಮ. ದೇವರೇ ಕ್ಷಮಿಸೋನು, ನಾವೆಷ್ಟರವರು? ಹೊಟ್ಟೆಗಿಲ್ದೆ ಅಲೀತಿದ್ಲು. ನಾನು ಕ್ಷಮಿಸಿಬಿಟ್ಟೆ.”

ತಫೀದಾ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದಳು.

“ಯಾವುದಕ್ಕೆ ಅಬ್ಲಾ?”

“ಏನು?”

“ಕ್ಷಮಿಸಿದ್ದು ಯಾವುದಕ್ಕೆ ಅಂತ ಕೇಳ್ದೆ.”

ಅವಾತಿಫಳ ಮುಖ ಕೆಂಪಾಯಿತು. “ನೆಲ ಮುಗೀತಾ? ಹೋಗು, ಚಹಾಕ್ಕೆ ನೀರಿಡು.”

“ಚಹಾ ಕೊಟ್ಟು ‘ಹೋಗು, ನಾನಿದ್ದೀನಿ’ ಅಂದಿದ್ದು ಯಾರು? ಇವರ ಮುಂದೆ ಒಂದ್ಸಲ ಹೇಳಿ. ಆಮೇಲೆ ನೀರಿಡ್ತೀನಿ.”

ಅವಾತಿಫ್ ಅತಿಥಿಗಳ ಕಡೆ ತಿರುಗಿ ಕೈ ಚೆಲ್ಲಿದಳು. “ನೋಡಿದ್ರಾ? ಉಪಕಾರ ಮಾಡಿದ್ರೆ ಸಿಗೋದು ಇದೇ.”

“ನಾನು ಹೇಳ್ಲಿಲ್ವಾ?” ಎಂದಳು ಉಮ್ ಹಮಾದಾ.

ತಫೀದಾ ಅವಳ ಕಡೆ ತಿರುಗಿದಳು. ದನಿ ಏರಲಿಲ್ಲ. “ಹಮಾದಾನ ಅಮ್ಮ, ನೀನು ಇವತ್ತು ಇಲ್ಲಿ ಕೂತು ಬಿಸ್ಕತ್ತು ತಿಂತಿದ್ದೀಯಲ್ಲ. ಅದು ನನ್ನಿಂದ. ನಿನ್ನ ಮಗಳಿಂದ ಹಿಡಿದು ಮೊಮ್ಮಗಳ ತನಕ, ಎಲ್ಲ ನನ್ನಿಂದ ಉಳಿದಿದ್ದು.”

“ಅಲ್ಲಾನಿಂದ!” ಉಮ್ ಹಮಾದಾ ಎದೆ ತಟ್ಟಿಕೊಂಡಳು. “ಜೀವ ಕೊಡೋನು ಅವನು, ಕಾಯೋನು ಅವನು. ನೀನ್ಯಾರೇ ಮೆಟ್ಟಿಲು ಗುಡಿಸೋಳು?”

ದೇವರ ಜೊತೆ ಲೆಕ್ಕಕ್ಕಿಳಿಯುವ ಹೆಂಗಸಲ್ಲ ತಫೀದಾ. ಒದ್ದೆ ಬಟ್ಟೆಯನ್ನು ಹಿಂಡಿ ಬಚ್ಚಲಿನ ಅಂಚಿಗೆ ಹರವಿದಳು. ನಿಲುವಂಗಿಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿ ಹೊರಟಳು. ಯಾರೂ ಕರೆಯಲಿಲ್ಲ. ಬಾಗಿಲು ದಾಟುವಾಗ ಹೊಸ ನೆರೆಯವಳು, “ಸೊಕ್ಕು ನೋಡಿ” ಎಂದದ್ದು ಕೇಳಿಸಿತು. ಬಸ್ಸಿಗಾಗಿ ಮರಳು ಹಾರುವ ರಸ್ತೆಯ ಪಕ್ಕ ಬಹಳ ಹೊತ್ತು ನಿಂತಿದ್ದಳು.

ಮುಂದಿನ ಗುರುವಾರ ಅವಳು ಹೋಗಲಿಲ್ಲ. ಅವಾತಿಫ್ ಬೇರೊಬ್ಬಳನ್ನು ಗೊತ್ತುಮಾಡಿಕೊಂಡಳಂತೆ.

ಹಾಜಿಯ ಹೊಸ ಕಟ್ಟಡ ಈಗ ಮುಗಿದಿದೆ. ಹಳೆಯದಕ್ಕಿಂತ ಎತ್ತರ. ಬೆಳಗಿನ ಹೊತ್ತು ಅದರ ನೆರಳು ಮಾರುಕಟ್ಟೆಯ ಅರ್ಧದವರೆಗೂ ಬೀಳುತ್ತದೆ. ಬಿಸಿಲು ತಾಗಿದರೆ ಸಬ್ಬಸಿಗೆ ಬಾಡುತ್ತದಲ್ಲ, ಹಾಗಾಗಿ ತಫೀದಾ ಗೋಣಿ ಎಳೆದುಕೊಂಡು ಆ ನೆರಳಿಗೇ ಬಂದು ಕೂರುತ್ತಾಳೆ. ಸ್ವಲ್ಪ ಹೊತ್ತಿಗೆ ಹೊಸ ಕಾವಲುಗಾರ ಬರುತ್ತಾನೆ. “ಏಳು ಖಾಲಾ, ಬಾಗಿಲ ಮುಂದೆ ಕೂತ್ರೆ ಹಾಜಿ ನನ್ನನ್ನ ಬೈತಾರೆ,” ಎನ್ನುತ್ತಾನೆ. ಅವಳು ಎದ್ದು, ಸೊಪ್ಪಿನ ಮೇಲೆ ನೀರು ಚಿಮುಕಿಸಿ, ನಾಲ್ಕು ಹೆಜ್ಜೆ ಆಚೆ ಹೋಗಿ ಕೂರುತ್ತಾಳೆ.